ಹಿರಿಯರ ಜಾಡಿನಲ್ಲಿ 90 ಕಿಲೋಮೀಟರ್: ವಾಸಾಲೊಪ್ಪೆಟ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ನಾಲ್ಕೂವರೆ. ಆ ಅರ್ಧ ಎಲ್ಲಿ ಹೋಯಿತು ಅನ್ನುವುದು ಮಧ್ಯದಲ್ಲಿ ಬರುತ್ತದೆ. ಅದು ಹಿಮದ ತಪ್ಪಲ್ಲ, ಜಾಡಿನ ತಪ್ಪೂ ಅಲ್ಲ.

ಸ್ವೀಡನ್‌ನಲ್ಲಿ ಮಾರ್ಚ್ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಎಷ್ಟೋ ಮನೆಗಳಲ್ಲಿ ಟಿವಿ ಓಡುತ್ತಿರುತ್ತದೆ. ಬೆಳಗ್ಗೆ ಎಂಟಕ್ಕೆ ಸೇಲೆನ್ ಹತ್ತಿರದ ಒಂದು ಬಯಲಿನಿಂದ ಹದಿನೈದು ಸಾವಿರಕ್ಕೂ ಜಾಸ್ತಿ ಜನ ಕಾಲಿಗೆ ಸ್ಕೀ, ಅಂದರೆ ಹಿಮದ ಮೇಲೆ ಜಾರುವ ಉದ್ದ ಪಟ್ಟಿ, ಕಟ್ಟಿಕೊಂಡು ಒಟ್ಟಿಗೆ ಹೊರಡುತ್ತಾರೆ. ಕಾಡು, ಜೌಗು, ಹಳ್ಳಿ ಎಲ್ಲ ದಾಟಿ 90 ಕಿಲೋಮೀಟರ್ ಆಚೆಯ ಮೋರಾ ಪಟ್ಟಣ ಸೇರುತ್ತಾರೆ. ಇದೇ ವಾಸಾಲೊಪ್ಪೆಟ್. ಈ ದೇಶಕ್ಕೆ ಬಂದ ಮೊದಲ ವರ್ಷ ನಾನು ಇದನ್ನು ಪಕ್ಕದ ಮನೆಯಲ್ಲಿ ಕೂತು ನೋಡಿದ್ದೆ. ಇಷ್ಟು ಹೊತ್ತು ಜನ ಕೋಲು ಊರಿಕೊಂಡು ಹೋಗುತ್ತಲೇ ಇದ್ದಾರಲ್ಲ, ಇದರಲ್ಲಿ ನೋಡುವುದೇನಿದೆ ಅನ್ನಿಸಿತ್ತು. ಆ ಮನೆಯ ಹಿರಿಯರು ಮಾತ್ರ ಒಂದೊಂದು ಊರು ಬಂದಾಗಲೂ ಅದರ ಹೆಸರು ಹೇಳುತ್ತಿದ್ದರು. ಸ್ಮೋಗನ್, ಮೋಂಗ್ಸ್‌ಬೂದರ್ನಾ, ರಿಸ್‌ಬರ್ಗ್, ಎವರ್ಟ್ಸ್‌ಬರ್ಗ್, ಒಕ್ಸ್‌ಬರ್ಗ್, ಹೆಕ್‌ಬರ್ಗ್, ಎಲ್ಡ್ರಿಸ್. ನಮ್ಮಲ್ಲಿ ಅಜ್ಜಿಯರು ನಕ್ಷತ್ರಗಳ ಹೆಸರು ಒಂದೇ ಉಸಿರಿಗೆ ಹೇಳುತ್ತಾರಲ್ಲ, ಹಾಗೆ. ಕೆಲವು ವರ್ಷ ಆದಮೇಲೆ ನನಗೂ ಆ ಏಳು ಹೆಸರು ಬಾಯಿಪಾಠ ಆಗಿತ್ತು. ಆಗಲೇ ಹೋಗಬೇಕು ಅನ್ನಿಸಿದ್ದು.

ಮುಖ್ಯ ಓಟಕ್ಕೆ ಜಾಗ ಸಿಗುವುದು ಕಷ್ಟ, ಬೇಗ ತುಂಬಿಹೋಗುವುದುಂಟು. ನಾನು ಹೋದದ್ದು ಎಪ್ಪೆಟ್ ಸ್ಪೋರ್‌ಗೆ. ಹೆಸರಿನ ಅರ್ಥ ತೆರೆದ ಜಾಡು. ಅದೇ ದಾರಿ, ಅದೇ 90 ಕಿಲೋಮೀಟರ್, ಅದೇ ಊರುಗಳು, ಆದರೆ ಮುಖ್ಯ ಓಟಕ್ಕೆ ಕೆಲವು ದಿನ ಮೊದಲು ನಡೆಯುತ್ತದೆ. ಸಮಯ ಅಳೆಯುತ್ತಾರೆ, ಗೆದ್ದವರು ಸೋತವರು ಅಂತ ಇಲ್ಲ. 1979ರಲ್ಲಿ ಶುರುವಾದದ್ದು. ಮೊದಲ ಸಲ ಹೋಗುವವರಿಗೆ ನಾನು ಇದನ್ನೇ ಹೇಳುತ್ತೇನೆ, ಯಾಕೆಂದರೆ ಇಲ್ಲಿ ನಿಂತು ಮಾತಾಡುವುದಕ್ಕೆ ಹೊತ್ತು ಸಿಗುತ್ತದೆ. ಈ ಓಟದಲ್ಲಿ ನಿಜವಾಗಿ ಸಿಗುವ ವಸ್ತು ಅದೇ ಅನ್ನುವುದು ನನ್ನ ಅಭಿಪ್ರಾಯ. ಹಣ ಕೊಟ್ಟು ನಾವು ಕೊಳ್ಳುವುದು ಹಿಮದಲ್ಲಿ ಎಳೆದ ಎರಡು ಗೆರೆ ಅಂದುಕೊಂಡು ಹೋಗುತ್ತೇವೆ. ಸಿಗುವುದು ಏಳು ಊರಿನವರ ಉಪಚಾರ.

ಇಷ್ಟೆಲ್ಲ ಯಾಕೆ ಶುರುವಾಯಿತು ಅನ್ನುವ ಕಥೆ ಗೊತ್ತಿಲ್ಲದೆ ಹೋದರೆ ಅರ್ಧ ಸುಖ ತಪ್ಪುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

1520ರ ನವೆಂಬರ್. ಡೆನ್ಮಾರ್ಕಿನ ರಾಜ ಎರಡನೇ ಕ್ರಿಸ್ಟಿಯನ್ ಸ್ಟಾಕ್‌ಹೋಮ್‌ನಲ್ಲಿ ಸ್ವೀಡನ್ನಿನ ಕಿರೀಟವನ್ನೂ ತಲೆಗೇರಿಸಿಕೊಂಡ. ಆ ಹಬ್ಬದ ಬೆನ್ನಿಗೇ ತನ್ನ ವಿರೋಧಿಗಳನ್ನು ಹಿಡಿಸಿ ತಲೆ ಕಡಿಸಿದ. ಸತ್ತವರಲ್ಲಿ ಗುಸ್ತಾವ್ ಎರಿಕ್ಸನ್ ಅನ್ನುವ ಯುವಕನ ತಂದೆಯೂ ಇದ್ದರು. ಗುಸ್ತಾವ್ ತಲೆಮರೆಸಿಕೊಂಡು ದಾಲಾರ್ನಾ ಸೀಮೆಗೆ ಬಂದ. ಹುಡುಕುತ್ತಾ ಬಂದ ಸೈನಿಕರಿಂದ ಮೋರಾ ಹತ್ತಿರದ ಉಟ್ಮೆಲಾಂಡ್ ಊರಿನ ಹೆಂಗಸೊಬ್ಬಳು ಅವನನ್ನು ನೆಲಮಾಳಿಗೆಯಲ್ಲಿ ಬಚ್ಚಿಟ್ಟಳು, ಕ್ರಿಸ್‌ಮಸ್‌ಗೆ ಬಿಯರ್ ಕಾಯಿಸುತ್ತಿದ್ದ ದೊಡ್ಡ ಪೀಪಾಯಿಯನ್ನು ಮುಚ್ಚಳದ ಮೇಲೆ ಎಳೆದಿಟ್ಟಳು ಅಂತ ಊರಿನವರ ಕಥೆ. ಅವಳ ಹೆಸರು ಟೊಮ್ಟ್ ಮಾರ್ಗಿಟ್. ಗುಸ್ತಾವ್ ಮೋರಾದ ಜನರ ಮುಂದೆ ನಿಂತು ದಂಗೆ ಏಳಿ ಅಂದ. ಜನ ಒಪ್ಪಲಿಲ್ಲ, ಯೋಚಿಸುತ್ತೇವೆ ಅಂದರು. ಅವನು ಮನಸ್ಸು ಮುರಿದುಕೊಂಡು ನಾರ್ವೆಯ ಗಡಿ ಕಡೆ ಹೊರಟ. ಹೋದಮೇಲೆ ಸ್ಟಾಕ್‌ಹೋಮ್‌ನ ಸುದ್ದಿ ನಿಜ ಅಂತ ಗೊತ್ತಾಯಿತು. ಆಗ ಊರಿನವರು ತಮ್ಮಲ್ಲಿ ಸ್ಕೀ ಚೆನ್ನಾಗಿ ಬರುವ ಇಬ್ಬರನ್ನು ಕಳಿಸಿದರು. ಅವನನ್ನು ಹಿಡಿಯಿರಿ, ವಾಪಸ್ ಕರೆತನ್ನಿ ಅಂತ. ಲಾರ್ಸ್ ಮತ್ತು ಎಂಗೆಲ್‌ಬ್ರೆಕ್ಟ್ ಅಂತ ಅವರ ಹೆಸರು ಉಳಿದಿದೆ. ಸೇಲೆನ್‌ನಲ್ಲಿ ಸಿಕ್ಕಿದ. ವಾಪಸ್ ಬಂದ. ಮುಂದೆ 1523ರ ಜೂನ್ 6ರಂದು ಅವನನ್ನು ರಾಜನಾಗಿ ಆರಿಸಿದರು. ಚರಿತ್ರೆಯಲ್ಲಿ ಅವನು ಗುಸ್ತಾವ್ ವಾಸಾ, ಓಟಕ್ಕೆ ಹೆಸರು ಬಂದದ್ದು ಅಲ್ಲಿಂದಲೇ. ಜೂನ್ 6 ಇವತ್ತಿಗೂ ಇಲ್ಲಿನ ರಾಷ್ಟ್ರೀಯ ದಿನ.

ಇದರಲ್ಲಿ ಎಷ್ಟು ಚರಿತ್ರೆ, ಎಷ್ಟು ಜನರ ಬಾಯಲ್ಲಿ ಬೆಳೆದದ್ದು ಅಂತ ಇಲ್ಲಿನವರೇ ಇನ್ನೂ ಚರ್ಚೆ ಮಾಡುತ್ತಾರೆ. ನನಗೆ ಹಿಡಿಸಿದ್ದು ಬೇರೆ ವಿಷಯ. ಓಟ ನಡೆಯುವುದು ಸೇಲೆನ್‌ನಿಂದ ಮೋರಾ ಕಡೆಗೆ. ಅಂದರೆ ಗುಸ್ತಾವ್ ಓಡಿಹೋದ ದಿಕ್ಕಿನಲ್ಲಿ ಅಲ್ಲ, ವಾಪಸ್ ಬಂದ ದಿಕ್ಕಿನಲ್ಲಿ. ಮತ್ತೆ ಕಥೆಯ ಒಳಗೆ ಕೆಲಸ ಮಾಡಿದ್ದು ಯಾರು? ಬಚ್ಚಿಟ್ಟವಳು ಹಳ್ಳಿಯ ಹೆಂಗಸು, ಹುಡುಕಿಕೊಂಡು ಹೋದವರು ಹಳ್ಳಿಯ ಗಂಡಸರು. ಹೆಸರು ಮಾತ್ರ ರಾಜನದು.

ನಾಲ್ಕು ಶತಮಾನ ಆದಮೇಲೆ, 1922ರ ಫೆಬ್ರವರಿ 10ರಂದು, ವೆಸ್ಟರೋಸ್ ಪಟ್ಟಣದ ಒಂದು ಪತ್ರಿಕೆಯಲ್ಲಿ ಆಂಡರ್ಸ್ ಪೆರ್ಸ್ ಅನ್ನುವ ಸಂಪಾದಕರು ಒಂದು ಲೇಖನ ಬರೆದರು. ಆ ಇಬ್ಬರ ನೆನಪಿಗೆ ಸೇಲೆನ್‌ನಿಂದ ಮೋರಾಕ್ಕೆ ಒಂದು ಸ್ಕೀ ಓಟ ಯಾಕೆ ಮಾಡಬಾರದು ಅಂತ. ಪೆರ್ಸ್ ಅವರ ಊರೂ ಮೋರಾ ಕಡೆಯದೇ. ಅಷ್ಟು ದೂರ ಸ್ಕೀ ಮಾಡಿದರೆ ಜನ ಉಳಿಯುತ್ತಾರಾ ಅಂತ ಅನುಮಾನ ಪಟ್ಟವರೂ ಇದ್ದರು. ಐಎಫ್‌ಕೆ ಮೋರಾ ಅನ್ನುವ ಕ್ರೀಡಾ ಸಂಘ ನಾವು ಮಾಡುತ್ತೇವೆ ಅಂತ ಮುಂದೆ ಬಂತು. ಓಟ ನಡೆದದ್ದು ಮಾರ್ಚ್ 19ಕ್ಕೆ. ಲೇಖನ ಬಂದ 37ನೇ ದಿನ! ಈಗ ಒಂದು ಮದುವೆ ಮಾಡುವುದಕ್ಕೂ ಇದಕ್ಕಿಂತ ಜಾಸ್ತಿ ದಿನ ಬೇಕು. ಆವತ್ತು 119 ಜನ ಹೊರಟರು, 117 ಜನ ಮುಟ್ಟಿದರು. ಗೆದ್ದವರು ಉತ್ತರದ ನೂರ್‌ಶೋ ಊರಿನ ಎರ್ನ್ಸ್ಟ್ ಆಲ್ಮ್, ವಯಸ್ಸು 22. ಸಮಯ 7 ಗಂಟೆ 32 ನಿಮಿಷ 49 ಸೆಕೆಂಡ್. ಮರದ ಸ್ಕೀ, ಯಂತ್ರದಿಂದ ಎಳೆದ ಜಾಡಿಲ್ಲ. ಮರುವರ್ಷ ಗೆದ್ದವರೂ ಅದೇ ಊರಿನವರೇ, ಆಸ್ಕರ್ ಲಿಂಡ್‌ಬರ್ಗ್.

ಇನ್ನು ನನ್ನ ಅನುಭವಕ್ಕೆ ಬರುತ್ತೇನೆ.

ನಾವು ಉಳಿದದ್ದು ಮೋರಾದಲ್ಲಿ. ಆ ವಾರ ಪಟ್ಟಣದ ಎಷ್ಟೋ ಜನ ತಮ್ಮ ಮನೆಯನ್ನೇ ಬಾಡಿಗೆಗೆ ಕೊಟ್ಟು ಬೇರೆ ಕಡೆ ಹೋಗಿ ಇರುತ್ತಾರೆ. ಹಾಗೆ ಸಿಕ್ಕ ಒಂದು ಮನೆಯ ಮಕ್ಕಳ ಕೋಣೆಯಲ್ಲಿ ನಾನು ಮತ್ತು ಗೆಳತಿ ಮಲಗಿದ್ದೆವು. ಬೆಳಗಿನ ಜಾವ ಬಸ್. ಬಸ್ಸಿನಲ್ಲಿ ಯಾರೂ ಮಾತಾಡುವುದಿಲ್ಲ, ಎಲ್ಲರೂ ಡಬ್ಬಿಯಿಂದ ಗಂಜಿಯೋ ಬ್ರೆಡ್ಡೋ ತಿನ್ನುತ್ತಿರುತ್ತಾರೆ, ಕಿಟಕಿಯಾಚೆ ಬರೀ ಕತ್ತಲು. ಆ ಬಸ್ಸು ತೊಂಬತ್ತು ಕಿಲೋಮೀಟರ್ ಹೋಗುತ್ತಾ ಇರುತ್ತದೆ, ಹೋಗುತ್ತಾ ಇರುತ್ತದೆ, ಇಷ್ಟೂ ದೂರ ನಾನು ವಾಪಸ್ ಕೋಲಿನಲ್ಲಿ ಬರಬೇಕಲ್ಲ ಅಂತ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಸೇಲೆನ್‌ನ ಬರ್ಗಾ ಬಯಲಿನಲ್ಲಿ ಇಳಿದು ಬೆಚ್ಚಗಿನ ಬಟ್ಟೆಯ ಚೀಲ ಕೊಟ್ಟರೆ ಅದನ್ನು ಮೋರಾಕ್ಕೆ ಅವರೇ ಸಾಗಿಸುತ್ತಾರೆ. ಸಂಜೆ ನನ್ನ ನಂಬರ್ ಹೇಳುವ ಮುಂಚೆಯೇ ಚೀಲ ಕೈಗೆ ಬಂತು. ಇಂಥ ಸಣ್ಣ ವಿಷಯದಲ್ಲಿ ಅವರ ಅಚ್ಚುಕಟ್ಟು ಗೊತ್ತಾಗುತ್ತದೆ.

ಹೊರಟ ಕೂಡಲೇ ಏರು. ಸುಮಾರು ಮೂರು ಕಿಲೋಮೀಟರ್ ಹತ್ತಬೇಕು. ಸಮುದ್ರ ಮಟ್ಟದಿಂದ 528 ಮೀಟರ್ ಎತ್ತರದ ಜಾಗ, ಇಡೀ ದಾರಿಯಲ್ಲೇ ಎತ್ತರದ್ದು, ಅಲ್ಲೇ ಮೊದಲಿಗೇ ಬಂದುಬಿಡುತ್ತದೆ. ಮುಖ್ಯ ಓಟದ ದಿನ ಈ ಏರಿನಲ್ಲಿ ಜನ ಒಬ್ಬರ ಸ್ಕೀ ಇನ್ನೊಬ್ಬರು ತುಳಿದುಕೊಂಡು ನಿಂತಲ್ಲೇ ನಿಲ್ಲುತ್ತಾರೆ, ಕೋಲು ಮುರಿಯುವುದು ಮಾಮೂಲು. ನಾವು ಹೋದ ದಿನ ಅಷ್ಟು ನೂಕುನುಗ್ಗಲು ಇರಲಿಲ್ಲ, ಆದರೂ ನಿಧಾನ. ಅವಸರ ಪಡಬೇಡಿ. ಅಲ್ಲಿ ಉಳಿಸಿದ ಹತ್ತು ನಿಮಿಷವನ್ನು ಮಧ್ಯಾಹ್ನ ಎರಡರಷ್ಟು ಬಡ್ಡಿ ಸೇರಿಸಿ ಕೊಡಬೇಕಾಗುತ್ತದೆ.

ನನಗೆ ಪೆಟ್ಟು ಬಿದ್ದದ್ದು ಮೇಣದಿಂದ, ಅಂದರೆ ಏರಿನಲ್ಲಿ ಹಿಂದಕ್ಕೆ ಜಾರದೆ ಹಿಮ ಹಿಡಿಯಲಿ ಅಂತ ಸ್ಕೀಯ ಅಡಿಗೆ ಉಜ್ಜುವ ಮೇಣದಿಂದ. ಸ್ಕೀ ಬಾಡಿಗೆಗೆ ತಂದದ್ದು ನಾನಿರುವ ನಗರದ ಒಂದು ಅಂಗಡಿಯಿಂದ, ಹೆಸರು ಬೇಡ. ಯಾವ ದಿನ, ಎಲ್ಲಿ, ಎಷ್ಟು ದೂರ ಅಂತ ಎಲ್ಲ ಹೇಳಿದ್ದೆ. ಅವರು ಕೊರೆಯುವ ಚಳಿಗೆ ಹಾಕುವ ಮೇಣ ಉಜ್ಜಿ ಕೊಟ್ಟಿದ್ದರು. ಆ ದಿನ ನೋಡಿದರೆ ಸೊನ್ನೆ ಡಿಗ್ರಿ, ಮೇಲಿಂದ ಹೊಸ ಹಿಮ ಬೀಳುತ್ತಿದೆ. ಸ್ಕೀ ಬಲ್ಲವರನ್ನು ಕೇಳಿ, ಇದಕ್ಕಿಂತ ಕಷ್ಟದ ಹವೆ ಇಲ್ಲ ಅನ್ನುತ್ತಾರೆ. ಸ್ಮೋಗನ್ ದಾಟುವ ಹೊತ್ತಿಗೆ ಏರಿನಲ್ಲಿ ಕಾಲು ಹಿಂದಕ್ಕೆ ಜಾರುತ್ತಿತ್ತು. ಎರಡು ಹೆಜ್ಜೆ ಮುಂದೆ ಹೋದರೆ ಒಂದು ಹೆಜ್ಜೆ ಹಿಂದೆ. ಬರೀ ತೋಳಿನ ಬಲದಲ್ಲಿ ಹನ್ನೆರಡು ಕಿಲೋಮೀಟರ್ ಎಳೆದುಕೊಂಡು ಹೋದೆ. ಕಣ್ಣಲ್ಲಿ ನೀರು ಬಂದಿತ್ತು, ಸುಳ್ಳು ಹೇಳಲಾರೆ.

ಮೋಂಗ್ಸ್‌ಬೂದರ್ನಾದಲ್ಲಿ, ಅಂದರೆ 24ನೇ ಕಿಲೋಮೀಟರಿನಲ್ಲಿ, ಮೇಣ ಹಚ್ಚುವವರ ಟೆಂಟ್ ಇತ್ತು. ಎಪ್ಪತ್ತು ದಾಟಿದ ಒಬ್ಬರು ನನ್ನ ಸ್ಕೀ ತಿರುಗಿಸಿ ನೋಡಿದರು. ಏನೂ ಕೇಳಲಿಲ್ಲ. ಹಳೆಯದನ್ನೆಲ್ಲ ಕೆರೆದು ತೆಗೆದರು, ಹೊಸ ಮೇಣ ತೆಳುವಾಗಿ ಹಚ್ಚಿದರು, ಬೆಂಡಿನ ತುಂಡಿನಿಂದ ತಿಕ್ಕಿದರು, ಇನ್ನೊಂದು ಪದರ, ಮತ್ತೆ ತಿಕ್ಕಿದರು. ಐದು ನಿಮಿಷ ಹೊರಗೆ ಹಿಮದಲ್ಲಿ ಬಿಟ್ಟು ತಣ್ಣಗಾದ ಮೇಲೆ ಹಾಕಿಕೊಳ್ಳಿ, ಬಿಸಿ ಇದ್ದಾಗ ಹಾಕಿಕೊಂಡರೆ ಹಿಮ ಗಂಟುಕಟ್ಟುತ್ತದೆ ಅಂದರು. ಅಷ್ಟೇ ಮಾತು. ಆಮೇಲೆ ಅಲ್ಲಿದ್ದ ಹುಡುಗಿ ಹೇಳಿದಳು, ಅವರು ಹುಡುಗನಾಗಿದ್ದಾಗಿನಿಂದ ಪ್ರತಿ ವರ್ಷ ಇಲ್ಲೇ ನಿಲ್ಲುತ್ತಾರಂತೆ, ಅವರ ತಂದೆಯೂ ನಿಲ್ಲುತ್ತಿದ್ದರಂತೆ. ಮುಂದಿನ ಏರಿನಲ್ಲಿ ಕಾಲು ಊರಿದೆ, ನಿಂತಿತು. ಆ ಖುಷಿಗೆ ಬೆಲೆ ಕಟ್ಟುವುದಕ್ಕೆ ಆಗುವುದಿಲ್ಲ.

ಇಲ್ಲಿಂದ ನಾನು ಜಾಡಿಗಿಂತ ಜಾಸ್ತಿ ಊರುಗಳನ್ನೇ ನೋಡುತ್ತಾ ಹೋದೆ. ಈ ಓಟದ ಒಡೆತನ ಯಾವ ಕಂಪನಿಯದೂ ಅಲ್ಲ. ಐಎಫ್‌ಕೆ ಮೋರಾ ಮತ್ತು ಸೇಲೆನ್ಸ್ ಐಎಫ್ ಅನ್ನುವ ಎರಡು ಊರ ಸಂಘಗಳದು. ದಾರಿಯಲ್ಲಿನ ಒಂದೊಂದು ನಿಲ್ದಾಣವನ್ನೂ ಸುತ್ತಮುತ್ತಲ ಸಂಘದವರು ವಹಿಸಿಕೊಂಡಿರುತ್ತಾರೆ. ಬಂದ ಲಾಭ ಆ ಊರುಗಳ ಮಕ್ಕಳ ಆಟಕ್ಕೆ, ಜಾಡು ನೋಡಿಕೊಳ್ಳುವುದಕ್ಕೆ ಹೋಗುತ್ತದೆ. ಹಾಗಾಗಿ ಸೂಪ್ ಸುರಿಯುತ್ತಿರುವವರು ಆ ಊರಿನ ಶಾಲೆಯ ಮೇಷ್ಟ್ರೋ, ರೈತರೋ, ಹತ್ತು ವರ್ಷದ ಹುಡುಗರೋ ಆಗಿರುತ್ತಾರೆ. ರಿಸ್‌ಬರ್ಗ್‌ನಲ್ಲಿ ಒಬ್ಬ ಪುಟ್ಟ ಹುಡುಗ ಲೋಟ ಹಿಡಿದು ನನ್ನ ಪಕ್ಕ ಓಡುತ್ತಾ ಬಂದ, ಒಂದು ಹನಿ ಚೆಲ್ಲಲಿಲ್ಲ, ಕುಡಿದು ಕೊಟ್ಟ ಲೋಟವನ್ನು ಎತ್ತಿ ತೋರಿಸಿ ಅವರಮ್ಮನ ಕಡೆ ನೋಡಿ ನಕ್ಕ. ಜಾತ್ರೆಯಲ್ಲಿ ಪಾನಕ ಕೊಡುವ ಮನೆಯವರ ಮುಖದಲ್ಲಿ ಇರುತ್ತದಲ್ಲ, ಅದೇ ಕಳೆ.

ಸೂಪಿನ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬ್ಲೋಬ್ಯಾರ್ಸ್‌ಸೊಪ್ಪ ಅನ್ನುತ್ತಾರೆ. ಕಾಡಿನಲ್ಲಿ ಬೆಳೆಯುವ ಸಣ್ಣ ನೀಲಿ ಹಣ್ಣನ್ನು ಸಕ್ಕರೆ ಹಾಕಿ ಕುದಿಸಿ, ಹಿಟ್ಟಿನಲ್ಲಿ ಸ್ವಲ್ಪ ಗಟ್ಟಿ ಮಾಡಿರುತ್ತಾರೆ. ನೇರಳೆ ಬಣ್ಣ, ಹುಳಿಸಿಹಿ, ಕೈ ಸುಡದಷ್ಟು ಬಿಸಿ. ಮನೆಯಲ್ಲಿ ಕುಡಿದಾಗ ನನಗೆ ಅಷ್ಟೇನೂ ಸೇರಿರಲಿಲ್ಲ. 35ನೇ ಕಿಲೋಮೀಟರಿನಲ್ಲಿ ಬೆರಳು ಮರಗಟ್ಟಿದಾಗ ಗಂಟಲಲ್ಲಿ ಇಳಿದರೆ ಮಾತ್ರ ಅದರ ರುಚಿ ಗೊತ್ತಾಗುವುದು. ಹಿಟ್ಟಿನ ಅಂಶ ಇರುವುದರಿಂದ ಹೊಟ್ಟೆಗೂ ಆಧಾರ, ಸಕ್ಕರೆ ಕೂಡಲೇ ಕಾಲಿಗೆ ಇಳಿಯುತ್ತದೆ. ಜೊತೆಗೆ ಮೆತ್ತಗಿನ ಬನ್, ಉಪ್ಪಿನ ಸಾರು, ಕಾಫಿ. ನಾಲ್ಕು ಊರಿನ ಸೂಪ್ ಕುಡಿದ ಮೇಲೆ ನನ್ನ ತೀರ್ಪು, ಎವರ್ಟ್ಸ್‌ಬರ್ಗ್‌ನದು ಎಲ್ಲಕ್ಕಿಂತ ಬಿಸಿ.

ಎವರ್ಟ್ಸ್‌ಬರ್ಗ್ ಅಂದರೆ ಅರ್ಧ ದಾರಿ ಮುಗಿಯಿತು ಅಂತ. ಸಣ್ಣ ಊರು, ಬಿಳಿ ಹಿಮದ ನಡುವೆ ಕೆಂಪು ಬಣ್ಣದ ಮರದ ಮನೆಗಳು. ಅಲ್ಲಿ ಬೆಂಚಿನ ಮೇಲೆ ಕೂತಾಗ ನನಗೆ ನೆನಪಾದದ್ದು ಮಾರ್ಗಿಟ್ ನೂರ್ದಿನ್. ನಾನು ಕಡಿಮೆ ಮಾಡಿದ ಅರ್ಧ ಅಂಕದ ವಿಷಯಕ್ಕೆ ಈಗ ಬಂದೆ.

ಮಾರ್ಗಿಟ್ ನೂರ್ದಿನ್ ವ್ಯಾಯಾಮ ಕಲಿಸುವ ಟೀಚರ್. 1923ರಲ್ಲಿ, ಓಟ ಶುರುವಾದ ಎರಡನೇ ವರ್ಷವೇ, ಗಂಡಸರ ಜೊತೆ ಹೊರಟು 10 ಗಂಟೆ 9 ನಿಮಿಷ 42 ಸೆಕೆಂಡಿನಲ್ಲಿ ಮೋರಾ ಮುಟ್ಟಿದರು. ವಾಸಾಲೊಪ್ಪೆಟ್ ಮುಗಿಸಿದ ಮೊದಲ ಹೆಂಗಸು. ಸಂತೋಷಪಡಬೇಕಾದ ವಿಷಯ ಅಲ್ವಾ? ಮರುವರ್ಷ, 1924ರಲ್ಲಿ, ಹೆಂಗಸರಿಗೆ ಓಟದ ಬಾಗಿಲು ಮುಚ್ಚಿದರು. ಹೆಣ್ಣಿನ ಮೈಗೆ ಇಂಥ ಶ್ರಮ ಆಗಿಬರುವುದಿಲ್ಲ ಅನ್ನುವುದು ಆ ಕಾಲದ ಯೋಚನೆ. ಒಬ್ಬಳು ಮಾಡಿ ತೋರಿಸಿದ ಮೇಲೂ! ಬಾಗಿಲು ಮತ್ತೆ ತೆರೆದದ್ದು 1981ಕ್ಕೆ. 57 ವರ್ಷ. ನಡುವೆ ಗಂಡಸರ ವೇಷದಲ್ಲಿ, ಗಂಡಸರ ಹೆಸರಲ್ಲಿ ಹೋಗಿಬಂದ ಹೆಂಗಸರಿದ್ದರು. ಆಮೇಲೂ ಹೆಂಗಸರದೇ ಆದ ವಿಭಾಗ ಬಂದದ್ದು 1997ರಲ್ಲಿ. ಇಷ್ಟೂ ವರ್ಷ ಸೂಪ್ ಕಾಯಿಸಿದವರಲ್ಲಿ, ಗೆದ್ದವನ ಕೊರಳಿಗೆ ಹಾರ ಹಾಕಿದವರಲ್ಲಿ ಹೆಂಗಸರು ಇದ್ದೇ ಇದ್ದರು. ಜಾಡಿನಲ್ಲಿ ಮಾತ್ರ ಜಾಗ ಇರಲಿಲ್ಲ.

ಅರ್ಧ ಅಂಕ ಹೋದದ್ದು ಇದಕ್ಕೆ. ಹಳೆಯ ಕಥೆ, ಈಗ ಎಲ್ಲ ಸರಿಯಾಗಿದೆಯಲ್ಲ ಅನ್ನಬಹುದು. ಸರಿಯಾಗಿದೆ, ಒಪ್ಪುತ್ತೇನೆ. 1988ರಿಂದ ಹೆಂಗಸರಿಗೇ ಅಂತ 30 ಕಿಲೋಮೀಟರಿನ ಶೇ-ವಾಸನ್ ನಡೆಯುತ್ತಿದೆ, ಸಾವಿರಾರು ಜನ ಸೇರುತ್ತಾರೆ. ಆದರೆ ಹಿರಿಯರ ಜಾಡು ಅಂತ ಹೆಮ್ಮೆಯಿಂದ ಹೇಳುವ ಓಟಕ್ಕೆ ಆ ಜಾಡು ಅರ್ಧ ಜನರಿಗೆ ಮುಚ್ಚಿದ್ದ ವರ್ಷಗಳೂ ಲೆಕ್ಕಕ್ಕೆ ಸೇರಬೇಕು. ಪ್ರತಿ ಸಲ ಗುಸ್ತಾವ್ ಹೆಸರು ಬಂದಷ್ಟೇ ಸಲ ಮಾರ್ಗಿಟ್ ಹೆಸರೂ ಬರಬೇಕು ಅನ್ನುವುದು ನನ್ನ ಆಸೆ. ಕಥೆಯಲ್ಲಿ ಇಬ್ಬರು ಮಾರ್ಗಿಟ್ ಇದ್ದಾರೆ ನೋಡಿ, ಒಬ್ಬಳು ರಾಜನನ್ನು ಬಚ್ಚಿಟ್ಟವಳು, ಇನ್ನೊಬ್ಬಳು ಅವನ ದಾರಿ ಹಿಡಿದವಳು.

ಎವರ್ಟ್ಸ್‌ಬರ್ಗ್ ಆದಮೇಲೆ ಒಳ್ಳೆಯ ಇಳಿಜಾರು ಸಿಗುತ್ತದೆ, ಮೈ ಹಗುರ ಆಗುತ್ತದೆ. ಒಕ್ಸ್‌ಬರ್ಗ್ 62ನೇ ಕಿಲೋಮೀಟರ್. ಅಲ್ಲಿಂದ ಹೆಕ್‌ಬರ್ಗ್‌ವರೆಗಿನ ಒಂಬತ್ತು ಕಿಲೋಮೀಟರ್ ಬಗ್ಗೆ ನನಗೆ ಜಾಸ್ತಿ ನೆನಪಿಲ್ಲ. ಏರು ದೊಡ್ಡದಲ್ಲ, ಆದರೆ ಮುಗಿಯುವುದಿಲ್ಲ. ಮುಂದಿನವರ ಬೆನ್ನು, ಪೈನ್ ಮರ, ಮತ್ತೆ ಬೆನ್ನು.

ಮುಂಚೂಣಿಯವರು ಈಗ ಇದನ್ನೆಲ್ಲ ಬೇರೆ ಥರ ದಾಟುತ್ತಾರೆ. ನಿಯಮದ ಪ್ರಕಾರ ಸ್ಕೀ ಜಾಡಿನೊಳಗೇ ನೇರವಾಗಿ ಹೋಗಬೇಕು, ಸ್ಕೇಟಿಂಗ್ ಥರ ಪಕ್ಕಕ್ಕೆ ಒದೆಯುವಂತಿಲ್ಲ. ಹಿಂದೆ ಕಾಲು ಒಂದಾದ ಮೇಲೆ ಒಂದು ಊರಿ ತಳ್ಳುತ್ತಿದ್ದರು, ಅದಕ್ಕೇ ಹಿಡಿತದ ಮೇಣ ಬೇಕು. ಈಗಿನ ಬಲಶಾಲಿಗಳು ಹಿಡಿತದ ಮೇಣವೇ ಇಲ್ಲದೆ, ಎರಡೂ ಕೋಲು ಒಟ್ಟಿಗೆ ಊರಿ, ಬೆನ್ನು ಬಗ್ಗಿಸಿ, ಇಡೀ 90 ಕಿಲೋಮೀಟರ್ ತಳ್ಳಿಕೊಂಡೇ ಹೋಗುತ್ತಾರೆ. 2021ರಲ್ಲಿ ನಾರ್ವೆಯ ಟೂರ್ಡ್ ಆಸ್ಲೆ ಗೇರ್‌ಡಾಲೆನ್ 3 ಗಂಟೆ 28 ನಿಮಿಷ 18 ಸೆಕೆಂಡಿನಲ್ಲಿ ಮುಗಿಸಿದರು. ಎರ್ನ್ಸ್ಟ್ ಆಲ್ಮ್ ತೆಗೆದುಕೊಂಡ ಹೊತ್ತಿನ ಅರ್ಧಕ್ಕಿಂತ ಕಡಿಮೆ. ಅದೇ ವರ್ಷ ಲಿನಾ ಕೋರ್ಸ್‌ಗ್ರೆನ್ 3 ಗಂಟೆ 52 ನಿಮಿಷ 8 ಸೆಕೆಂಡಿನಲ್ಲಿ ಹೆಂಗಸರಲ್ಲಿ ಮೊದಲಾದರು. ಆದರೂ ಇಲ್ಲಿನ ಹಿರಿಯರ ಬಾಯಲ್ಲಿ ಬರುವ ಹೆಸರು ಮೋರಾ-ನಿಸ್ಸೆ, ಅಂದರೆ ನಿಲ್ಸ್ ಕಾರ್ಲ್‌ಸನ್. 1943ರಿಂದ 1953ರ ನಡುವೆ ಒಂಬತ್ತು ಸಲ ಗೆದ್ದವರು. ಅಷ್ಟು ಸಲ ಬೇರೆ ಯಾರೂ ಗೆದ್ದಿಲ್ಲ.

ಹಿಮದ ವಿಷಯ. ಈ ಕಾಲಕ್ಕೆ ಇಲ್ಲಿ ವೋರ್‌ವಿಂಟರ್ ಅನ್ನುತ್ತಾರೆ, ವಸಂತ ಮತ್ತು ಚಳಿಗಾಲ ಎರಡೂ ಸೇರಿದ ಹೆಸರು. ಬಿಸಿಲಿಗೆ ಬಿಸಿ ಬಂದಿರುತ್ತದೆ, ನೆಲದಲ್ಲಿ ಹಿಮ ಇನ್ನೂ ಇರುತ್ತದೆ, ಇರಬೇಕು. ಹಿಮ ಸಾಲದೆ 1932, 1934 ಮತ್ತು 1990ರಲ್ಲಿ ಓಟ ನಿಂತಿದೆ. ಹಾಗಾಗಿ ನೂರನೇ ಓಟ ಬಂದದ್ದು 2022ಕ್ಕಲ್ಲ, 2024ಕ್ಕೆ. ಈಗ ಹಿಮ ಕಡಿಮೆ ಬಿದ್ದ ವರ್ಷ ಯಂತ್ರದಿಂದ ಮಾಡಿದ ಹಿಮವನ್ನು ತಂದು ಹಾಸಿ ಜಾಡು ಉಳಿಸಿಕೊಳ್ಳುತ್ತಾರೆ. ನಾನು ಹೋದ ವರ್ಷವೂ ಕೆಲವು ಕಡೆ ಎರಡೂ ಬದಿ ಕಂದು ಹುಲ್ಲು ಕಾಣುತ್ತಿತ್ತು, ನಡುವೆ ಒಂದು ಬಿಳಿ ಪಟ್ಟಿ. ಅದನ್ನು ನೋಡಿದಾಗ ಮನಸ್ಸಿಗೆ ಕಸಿವಿಸಿ ಆಯಿತು. ಹೋಗಬೇಕು ಅಂತ ಮನಸ್ಸಿದ್ದರೆ ಮುಂದೂಡಬೇಡಿ ಅನ್ನುವುದು ಇದಕ್ಕೇ.

ಎಲ್ಡ್ರಿಸ್‌ನಿಂದ ಕೊನೆಯ ಒಂಬತ್ತು ಕಿಲೋಮೀಟರ್. ಅಷ್ಟು ಹೊತ್ತಿಗೆ ಕತ್ತಲಾಗಿತ್ತು, ತಲೆಗೆ ದೀಪ ಕಟ್ಟಿಕೊಂಡಿದ್ದೆ. ಒಂದೊಂದು ಕಿಲೋಮೀಟರಿಗೂ ಉಳಿದ ದೂರದ ಫಲಕ. ಏಳು, ಆರು, ಐದು. ಮೂರರ ಹತ್ತಿರ ಪಟ್ಟಣದ ದೀಪ ಕಂಡಿತು. ಆಮೇಲೆ ಒಂದು ಸೇತುವೆ, ಒಂದು ತಿರುವು, ಚರ್ಚಿನ ಗಂಟೆಗೋಪುರ, ನೇರ ರಸ್ತೆ. ಕೊನೆಯ ಕಮಾನಿನ ಮೇಲೆ ಸ್ವೀಡಿಷ್‌ನಲ್ಲಿ ಆ ಸಾಲು. ಹಿರಿಯರ ಜಾಡಿನಲ್ಲಿ, ನಾಳಿನ ಗೆಲುವುಗಳಿಗಾಗಿ. ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದೆ. ಕೆಳಗೆ ನಿಂತು ತಲೆ ಎತ್ತಿ ಓದಿದಾಗ ಗಂಟಲು ಕಟ್ಟಿತು. 11 ಗಂಟೆ 26 ನಿಮಿಷ ಆಗಿತ್ತು. ಮಾರ್ಗಿಟ್ ಅವರಿಗಿಂತ ಒಂದು ಗಂಟೆ ಹದಿನಾರು ನಿಮಿಷ ಜಾಸ್ತಿ. ಅವರದು ಮರದ ಸ್ಕೀ.

ಮುಖ್ಯ ಓಟದ ದಿನ ಇದೇ ಕಮಾನಿನ ಹತ್ತಿರ ಗೆದ್ದವರ ಕೊರಳಿಗೆ ಹಾರ ಬೀಳುತ್ತದೆ. ಗಂಡಸರಲ್ಲಿ ಗೆದ್ದವರಿಗೆ ಮೋರಾದ ಸಾಂಪ್ರದಾಯಿಕ ಉಡುಪು ಹಾಕಿದ ಹುಡುಗಿ, ಅವಳಿಗೆ ಕ್ರಾನ್ಸ್‌ಕುಲ್ಲಾ ಅನ್ನುತ್ತಾರೆ. ಹೆಂಗಸರಲ್ಲಿ ಗೆದ್ದವರಿಗೆ ಹಾರ ಹಾಕುವುದು ಹುಡುಗ, ಅವನು ಕ್ರಾನ್ಸ್‌ಮಾಸ್. ಕುಲ್ಲಾ, ಮಾಸ್ ಅಂದರೆ ದಾಲಾರ್ನಾದ ಹೆಣ್ಣು, ಗಂಡು. ಮುಖ್ಯ ಓಟದಲ್ಲಿ ಪದಕ ಎಲ್ಲರಿಗೂ ಇಲ್ಲ. ಗೆದ್ದವರ ಸಮಯದ ಒಂದೂವರೆ ಪಟ್ಟಿನೊಳಗೆ ಮುಟ್ಟಿದವರಿಗೆ ಮಾತ್ರ. ಗೆಲ್ಲುವವರ ವೇಗ ಏರಿದಷ್ಟೂ ಪದಕ ದೂರ ಹೋಗುತ್ತಿದೆ ಅಂತ ಹಳಬರ ಕೊರಗು.

ಮರುದಿನ ಮೋರಾದಲ್ಲೇ ಉಳಿಯಿರಿ, ಕೂಡಲೇ ರೈಲು ಹತ್ತಬೇಡಿ. ಕಮಾನಿನ ಹತ್ತಿರವೇ ವಾಸಾಲೊಪ್ಪೆಟ್‌ನ ಮ್ಯೂಸಿಯಂ ಇದೆ, ಒಂದೆರಡು ಗಂಟೆಗೆ ಸಾಕು. ಈ ಊರಿನವರೇ ಆದ ಕಲಾವಿದ ಆಂಡರ್ಸ್ ಸೋರ್ನ್ ಮಾಡಿದ ಗುಸ್ತಾವ್ ವಾಸಾ ಪ್ರತಿಮೆಯನ್ನೂ ನೋಡಿ. ಸಮಯ ಇದ್ದರೆ ಉಟ್ಮೆಲಾಂಡ್‌ಗೆ ಹೋಗಿ, ಬಚ್ಚಿಟ್ಟ ನೆಲಮಾಳಿಗೆ ಅಲ್ಲಿದೆ, ಅದರ ಮೇಲೆ ಒಂದು ಸಣ್ಣ ಸ್ಮಾರಕ ಕಟ್ಟಿದ್ದಾರೆ. ಕಾಲು ನೋಯುತ್ತಿದ್ದರೂ ನಾನು ಹೋಗಿದ್ದೆ. ಆ ಪೀಪಾಯಿಯ ಜಾಗದಲ್ಲಿ ನಿಲ್ಲಬೇಕಿತ್ತು.

ಹೋಗುವವರಿಗೆ ನಾಲ್ಕು ಮಾತು. ಹೆಸರು ನೋಂದಾಯಿಸುವುದಕ್ಕೇ ಸಾವಿರ ಸ್ವೀಡಿಷ್ ಕ್ರೋನಾ ಮೀರುತ್ತದೆ, ಅದರ ಮೇಲೆ ಮನೆ, ಬಸ್, ಸ್ಕೀ. ಅಗ್ಗದ್ದಲ್ಲ. ಮನೆಯನ್ನು ಆದಷ್ಟು ಮುಂಚೆ ಹುಡುಕಿ. ಮೇಣವನ್ನು ಮನೆಯಲ್ಲಿ ಹಚ್ಚಿಸಿಕೊಂಡು ಹೋಗುವುದಕ್ಕಿಂತ ಹಿಂದಿನ ಸಂಜೆ ಅಲ್ಲೇ ಹವೆ ನೋಡಿ ಹಚ್ಚಿಸಿ. ನಾನು ಎರಡು ಚಳಿಗಾಲ ಅಭ್ಯಾಸ ಮಾಡಿದ್ದೆ, ಬೇಸಿಗೆಯಲ್ಲಿ ಗಾಲಿ ಸ್ಕೀ ಕೂಡ. ಅದಕ್ಕಿಂತ ಕಡಿಮೆ ಆದರೆ 45 ಕಿಲೋಮೀಟರಿನ ಹಾಲ್ವ್‌ವಾಸನ್ ಸಾಕು. ಪ್ರತಿ ನಿಲ್ದಾಣಕ್ಕೂ ಗಡುವಿನ ಹೊತ್ತು ಇರುತ್ತದೆ, ಅದು ಮೀರಿದರೆ ಜಾಡಿಗೆ ಹಗ್ಗ ಕಟ್ಟಿ ಬಸ್ಸಿಗೆ ಹತ್ತಿಸುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಆ ಬಸ್ಸಿನಲ್ಲೂ ಕಂಬಳಿ ಹೊದಿಸಿ ಕೂರಿಸುತ್ತಾರೆ ಅಂತ ಹೋಗಿಬಂದವರು ಹೇಳಿದರು. ಮತ್ತೆ ಎಲ್ಲ ಊರಿನಲ್ಲೂ ನಿಲ್ಲಿ. ಸಮಯ ಉಳಿಸುವುದಕ್ಕೆ ಒಂದನ್ನೂ ಬಿಡಬೇಡಿ.

ಮುಂದಿನ ಮಾರ್ಚ್‌ಗೆ ನಾನು ಸ್ಕೀ ಮಾಡುವುದಿಲ್ಲ. ಮೋಂಗ್ಸ್‌ಬೂದರ್ನಾದಲ್ಲಿ ಕೈ ಬೇಕಾ ಅಂತ ಪತ್ರ ಬರೆದು ಕೇಳಿದ್ದೆ. ಬನ್ನಿ ಅಂದಿದ್ದಾರೆ. ಸೂಪಿನ ಕಡೆ ನಿಲ್ಲಿಸುತ್ತಾರಂತೆ. ಬೆಳಗಿನ ಜಾವ ಐದಕ್ಕೆ ಅಲ್ಲಿರಬೇಕು, ದಪ್ಪ ಕೈಗವಸು ತನ್ನಿ, ತೆಳುವಿನದು ನೇರಳೆ ಬಣ್ಣದಲ್ಲಿ ನೆನೆದುಹೋಗುತ್ತದೆ ಅಂತ ಬರೆದಿದ್ದರು.